ವಿದ್ಯುತ್ ಪಿಕಪ್‌ಗಳು: ಎಳೆಯುವ ಬಲ, ಸಾಗುವ ದೂರ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪಿಕಪ್ ಟ್ರಕ್ ಕೊಳ್ಳುವ ಕುಟುಂಬವು ಆ ವಾಹನದಿಂದ ಸಾಮಾನ್ಯವಾಗಿ ಮೂರು ಕೆಲಸಗಳನ್ನು ನಿರೀಕ್ಷಿಸುತ್ತದೆ: ವಾರದ ದಿನಗಳಲ್ಲಿ ಕಚೇರಿಗೋ ಕೆಲಸದ ಜಾಗಕ್ಕೋ ಹೋಗಿಬರುವುದು, ಹಿಂಬದಿಯ ತೆರೆದ ತೊಟ್ಟಿಯಲ್ಲಿ ಸಾಮಾನು ಹೊರುವುದು, ಮತ್ತು ರಜೆ ಬಂದಾಗ ದೋಣಿಯನ್ನೋ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ವಸತಿ ಟ್ರೇಲರನ್ನೋ ಹಿಂದೆ ಕಟ್ಟಿಕೊಂಡು ಸರೋವರ, ಕಾಡು, ಬೆಟ್ಟಗಳ ಕಡೆಗೆ ನೂರಾರು ಕಿಲೋಮೀಟರ್ ಸಾಗುವುದು. ಮೊದಲ ಎರಡು ಕೆಲಸಗಳನ್ನು ಬ್ಯಾಟರಿಯಿಂದ ಓಡುವ ಪಿಕಪ್‌ಗಳು ಚೆನ್ನಾಗಿ ಮಾಡುತ್ತವೆ ಎಂಬ ಬಗ್ಗೆ ಈಗ ಹೆಚ್ಚಿನ ತಕರಾರಿಲ್ಲ. ವಿವಾದವೆಲ್ಲ ಇರುವುದು ಮೂರನೆಯದರ ಸುತ್ತ. 2021ರ ಸೆಪ್ಟೆಂಬರಿನಲ್ಲಿ ಇಲಿನಾಯ್ ರಾಜ್ಯದ ನಾರ್ಮಲ್ ಎಂಬ ಊರಿನ ಕಾರ್ಖಾನೆಯಿಂದ ರಿವಿಯನ್ ಆರ್1ಟಿ ಹೊರಬಂದಂದಿನಿಂದ, 2022ರಲ್ಲಿ ಫೋರ್ಡ್ ಎಫ್-150 ಲೈಟ್ನಿಂಗ್, 2023ರ ಕೊನೆಯಲ್ಲಿ ಟೆಸ್ಲಾ ಸೈಬರ್‌ಟ್ರಕ್, ಅದರ ಆಸುಪಾಸಿನಲ್ಲೇ ಷೆವರ್ಲೆ ಸಿಲ್ವರಾಡೊ ಇವಿ ಮಾರುಕಟ್ಟೆಗೆ ಇಳಿದ ಕಾಲದುದ್ದಕ್ಕೂ, ಈ ವಾಹನಗಳು ಟ್ರೇಲರ್ ಎಳೆಯಲು ಮತ್ತು ಬಯಲಿನಲ್ಲಿ ಬಿಡಾರ ಹೂಡಲು ಯೋಗ್ಯವೇ ಎಂಬ ಪ್ರಶ್ನೆ ಒಂದೇ ಉಸಿರಿನಲ್ಲಿ ಕೇಳಿಬಂದಿದೆ. ಹೀಗೆ ಒಂದೇ ಉಸಿರಿನಲ್ಲಿ ಕೇಳಿದ್ದರಿಂದಲೇ ಉತ್ತರಗಳು ಗೊಂದಲಗೊಂಡಿವೆ, ಏಕೆಂದರೆ ಎಳೆಯುವುದು ಮತ್ತು ಬಿಡಾರ ಹೂಡುವುದು ಬ್ಯಾಟರಿಯ ಮೇಲೆ ಹೊರಿಸುವ ಹೊರೆಗಳು ಪರಸ್ಪರ ಹೋಲಿಕೆಯೇ ಇಲ್ಲದಂಥವು.

ಮೊದಲು ಎಳೆಯುವ ಬಲದ ವಿಚಾರ. ವಿದ್ಯುತ್ ಮೋಟಾರು ನಿಂತ ಸ್ಥಿತಿಯಿಂದಲೇ ತನ್ನ ಪೂರ್ಣ ಟಾರ್ಕನ್ನು, ಅಂದರೆ ಗಾಲಿಯನ್ನು ತಿರುಗಿಸುವ ಬಲವನ್ನು, ಕೊಡಬಲ್ಲದು. ಪೆಟ್ರೋಲ್ ಎಂಜಿನ್ನಿನಂತೆ ಅದು ವೇಗ ಏರುವವರೆಗೆ ಕಾಯಬೇಕಿಲ್ಲ, ಗೇರು ಬದಲಿಸಬೇಕಿಲ್ಲ. ಆದ್ದರಿಂದ ಲೈಟ್ನಿಂಗ್ ಸುಮಾರು 4,500 ಕಿಲೋಗ್ರಾಂ, ಆರ್1ಟಿ ಮತ್ತು ಸೈಬರ್‌ಟ್ರಕ್ ಸುಮಾರು 5,000 ಕಿಲೋಗ್ರಾಂ ತೂಕದ ಟ್ರೇಲರನ್ನು ಎಳೆಯಬಲ್ಲವೆಂದು ತಯಾರಕರು ಘೋಷಿಸಿದಾಗ ಅದರಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಎಳೆಯುವ ಸಾಮರ್ಥ್ಯವನ್ನು ಅಳೆಯಲು ಅಮೆರಿಕದ ವಾಹನ ಎಂಜಿನಿಯರುಗಳ ಸಂಘವು ಜೆ2807 ಎಂಬ ಮಾನದಂಡವನ್ನು ರೂಪಿಸಿದೆ; ಅರಿಜೋನಾದ ಡೇವಿಸ್ ಅಣೆಕಟ್ಟಿನ ಬಳಿಯ ಸುಮಾರು 18 ಕಿಲೋಮೀಟರ್ ಉದ್ದದ ಏರುದಾರಿಯನ್ನು ಮಾದರಿಯಾಗಿಟ್ಟುಕೊಂಡು, ಬಿರುಬಿಸಿಲಿನಲ್ಲಿ, ಹವಾನಿಯಂತ್ರಣ ಚಾಲೂ ಇರುವಾಗ, ಪೂರ್ತಿ ಭಾರದೊಡನೆ ವಾಹನವು ನಿಗದಿತ ಕನಿಷ್ಠ ವೇಗವನ್ನು ಕಾಯ್ದುಕೊಳ್ಳಬೇಕೆಂಬುದು ಅದರ ಪರೀಕ್ಷೆಗಳಲ್ಲಿ ಒಂದು. ಈ ಮಾನದಂಡವು ಬಲ, ಬ್ರೇಕು, ಸ್ಥಿರತೆಗಳನ್ನು ಪರಿಶೀಲಿಸುತ್ತದೆಯೇ ಹೊರತು, ಆ ಭಾರವನ್ನು ಎಷ್ಟು ದೂರ ಒಯ್ಯಬಹುದು ಎಂಬುದನ್ನು ಕೇಳುವುದಿಲ್ಲ. ಇಂಧನ ಮುಗಿದರೆ ಐದು ನಿಮಿಷದಲ್ಲಿ ತುಂಬಿಸಿಕೊಳ್ಳಬಹುದಾಗಿದ್ದ ಕಾಲದಲ್ಲಿ ಹುಟ್ಟಿದ ಮಾನದಂಡಕ್ಕೆ ಆ ಪ್ರಶ್ನೆ ಹೊಳೆಯುವ ಕಾರಣವೂ ಇರಲಿಲ್ಲ. ಜಾಹೀರಾತಿನ ದೊಡ್ಡ ಅಕ್ಷರದ ಸಂಖ್ಯೆಯನ್ನು ನಂಬಿ ವಾಹನ ಕೊಂಡವರಿಗೆ ಆದ ನಿರಾಸೆಯ ಬಹುಪಾಲು ಈ ಅಂತರದಲ್ಲೇ ಹುಟ್ಟಿದೆ.

ಆ ಅಂತರ ಎಷ್ಟು ದೊಡ್ಡದು ಎಂಬುದನ್ನು ಮೋಟಾರ್‌ಟ್ರೆಂಡ್ ಪತ್ರಿಕೆ 2022ರಲ್ಲಿ ನಡೆಸಿದ ಪರೀಕ್ಷೆ ಸ್ಪಷ್ಟವಾಗಿ ತೋರಿಸಿತು. ಸರ್ಕಾರಿ ಅಂದಾಜಿನಂತೆ ಒಂದು ಪೂರ್ಣ ಚಾರ್ಜಿನಲ್ಲಿ ಸುಮಾರು 483 ಕಿಲೋಮೀಟರ್ ಸಾಗಬೇಕಿದ್ದ ಲೈಟ್ನಿಂಗ್, ಸುಮಾರು 1,420 ಕಿಲೋಗ್ರಾಂ ತೂಕದ ಟ್ರೇಲರನ್ನು ಎಳೆದಾಗ 185 ಕಿಲೋಮೀಟರಿಗೆ, 2,390 ಕಿಲೋಗ್ರಾಮಿನದನ್ನು ಎಳೆದಾಗ 161ಕ್ಕೆ, 3,270 ಕಿಲೋಗ್ರಾಮಿನದನ್ನು ಎಳೆದಾಗ 145ಕ್ಕೆ ಇಳಿಯಿತು. ಕೊನೆಯ ಅಂಕಿ ಬೆಂಗಳೂರಿನಿಂದ ಮೈಸೂರಿಗಿರುವಷ್ಟು ದೂರ. ಈ ಮೂರು ಅಂಕಿಗಳಲ್ಲಿ ಗಮನಿಸಬೇಕಾದದ್ದು ಇಳಿಕೆಯ ಪ್ರಮಾಣಕ್ಕಿಂತ ಇಳಿಕೆಯ ಬಗೆ: ಟ್ರೇಲರಿನ ತೂಕ ಎರಡು ಪಟ್ಟಿಗೂ ಮೀರಿ ಹೆಚ್ಚಿದಾಗ ಸಾಗುವ ದೂರ ಕಡಿಮೆಯಾದದ್ದು ಸುಮಾರು ಶೇ. 22ರಷ್ಟು ಮಾತ್ರ, ಆದರೆ ಅತಿ ಹಗುರವಾದ ಟ್ರೇಲರನ್ನು ಕೊಂಡಿಗೆ ಸಿಕ್ಕಿಸಿದಷ್ಟಕ್ಕೇ ಶೇ. 60ಕ್ಕೂ ಹೆಚ್ಚು ದೂರ ಕೈಬಿಟ್ಟುಹೋಯಿತು. ಇದರ ಜೊತೆಗೆ ಅಮೆರಿಕದ ವಾಹನ ಸವಾರರ ಸಂಘಟನೆಯಾದ ಎಎಎ 2023ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯನ್ನು ಇಟ್ಟು ನೋಡಬೇಕು. ಅಲ್ಲಿ ಟ್ರೇಲರ್ ಇರಲಿಲ್ಲ. ಲೈಟ್ನಿಂಗ್‌ನ ತೊಟ್ಟಿಯಲ್ಲೇ ಸುಮಾರು 635 ಕಿಲೋಗ್ರಾಂ ಮರಳಿನ ಚೀಲಗಳನ್ನು ಹೇರಲಾಗಿತ್ತು, ಆಗ ಸಾಗಿದ ದೂರ 447 ಕಿಲೋಮೀಟರಿನಿಂದ 338ಕ್ಕೆ, ಅಂದರೆ ಕಾಲು ಭಾಗದಷ್ಟು, ತಗ್ಗಿತು. ತೂಕವು ಬ್ಯಾಟರಿಯನ್ನು ತಿನ್ನುವುದು ನಿಜ, ಆದರೆ ಅದಕ್ಕಿಂತ ದೊಡ್ಡ ಬಾಯಿ ಬೇರೊಂದಿದೆ.

ಅದು ಗಾಳಿ. ಚಲಿಸುವ ವಾಹನ ತನ್ನ ಮುಂದಿನ ಗಾಳಿಯನ್ನು ಬದಿಗೆ ಸರಿಸಬೇಕು, ಹಿಂದೆ ಉಂಟಾಗುವ ಸುಳಿಗಳ ಸೆಳೆತವನ್ನೂ ಮೀರಬೇಕು. ಈ ತಡೆಯು ವಾಹನದ ಎದುರು ಭಾಗದ ವಿಸ್ತೀರ್ಣ, ಅದರ ಆಕಾರ ಮತ್ತು ವೇಗದ ವರ್ಗವನ್ನು ಅವಲಂಬಿಸಿರುತ್ತದೆ. ಸಾಮಾನ್ಯ ವಸತಿ ಟ್ರೇಲರ್ ಸುಮಾರು ಎರಡೂವರೆ ಮೀಟರ್ ಅಗಲ, ಮೂರು ಮೀಟರಿಗೂ ಹೆಚ್ಚು ಎತ್ತರದ ಪೆಟ್ಟಿಗೆ. ಪಿಕಪ್‌ನ ತಲೆಯ ಮೇಲೆ ಎದ್ದು ನಿಲ್ಲುವ ಅದರ ಚಪ್ಪಟೆ ಮುಖ ಮತ್ತು ಕತ್ತರಿಸಿದಂತಿರುವ ಹಿಂಬದಿ ಎರಡೂ ಗಾಳಿಗೆ ಪ್ರತಿಕೂಲ. ವೇಗದ ವರ್ಗ ಎಂಬ ಮಾತಿನ ಪ್ರಾಯೋಗಿಕ ಅರ್ಥವೂ ಸಣ್ಣದಲ್ಲ: ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಗಳಿಗೆ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರಿನ ಗರಿಷ್ಠ ಮಿತಿಯಿದ್ದು, ಗಂಟೆಗೆ 105 ಕಿಲೋಮೀಟರಿನಲ್ಲಿ ಹೋಗುವುದಕ್ಕೆ ಹೋಲಿಸಿದರೆ ಅಲ್ಲಿ ಗಾಳಿಯ ತಡೆ ಶೇ. 28ರಷ್ಟು ಕಡಿಮೆಯಾಗುತ್ತದೆ. ಸುರಕ್ಷತೆಗಾಗಿ ಮಾಡಿದ ನಿಯಮ ಬ್ಯಾಟರಿ ವಾಹನಗಳ ಪಾಲಿಗೆ ದೂರವನ್ನು ಉಳಿಸಿಕೊಡುವ ನಿಯಮವೂ ಆಗಿದೆ. ಇದೇ ಕಾರಣಕ್ಕೆ ತಗ್ಗಾಗಿ ಕೂರುವ ದೋಣಿಯ ಟ್ರೇಲರನ್ನಾಗಲಿ, ಮಡಚಿಟ್ಟು ಒಯ್ದು ತಾಣದಲ್ಲಿ ಬಿಚ್ಚುವ ಗುಡಾರದ ಟ್ರೇಲರನ್ನಾಗಲಿ ಎಳೆಯುವವರಿಗೆ ಸಿಗುವ ಅನುಭವ, ಎತ್ತರದ ಪೆಟ್ಟಿಗೆಯನ್ನು ಎಳೆಯುವವರ ಅನುಭವಕ್ಕಿಂತ ಬಹಳ ಭಿನ್ನವಾಗಿರುತ್ತದೆ.

ಗಾಳಿಯ ತಡೆ ಪೆಟ್ರೋಲ್ ಟ್ರಕ್ಕಿಗೂ ಅಷ್ಟೇ ಇದೆಯಲ್ಲ ಎಂಬ ಆಕ್ಷೇಪ ಸರಿಯಾದದ್ದೇ, ಮತ್ತು ಅದಕ್ಕೆ ಉತ್ತರ ಸಿಗುವುದು ಶಕ್ತಿಯ ಸಂಗ್ರಹದ ಲೆಕ್ಕದಲ್ಲಿ. ಬ್ಯಾಟರಿಯ ಸಾಮರ್ಥ್ಯವನ್ನು ಕಿಲೋವ್ಯಾಟ್-ಗಂಟೆಗಳಲ್ಲಿ ಹೇಳಲಾಗುತ್ತದೆ. ಕರ್ನಾಟಕದ ಮನೆಗಳಿಗೆ ಬರುವ ವಿದ್ಯುತ್ ಬಿಲ್ಲಿನಲ್ಲಿ ‘ಯೂನಿಟ್’ ಎಂದು ನಮೂದಾಗುವುದು ಇದೇ. ಲೈಟ್ನಿಂಗ್‌ನ ದೊಡ್ಡ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು 131 ಯೂನಿಟ್. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 8.9 ಯೂನಿಟ್ ಆದ್ದರಿಂದ, ಇಡೀ ಬ್ಯಾಟರಿ ಹದಿನೈದು ಲೀಟರ್ ಪೆಟ್ರೋಲಿಗೆ ಸಮ. ಎಫ್-150ರ ಪೆಟ್ರೋಲ್ ಮಾದರಿಯ ದೊಡ್ಡ ಟ್ಯಾಂಕಿನಲ್ಲಾದರೋ 136 ಲೀಟರ್ ಹಿಡಿಯುತ್ತದೆ. ಹದಿನೈದು ಲೀಟರಿನಷ್ಟು ಶಕ್ತಿಯಲ್ಲಿ ಮೂರು ಟನ್ನಿನ ವಾಹನ ಖಾಲಿಯಾಗಿ ಐನೂರು ಕಿಲೋಮೀಟರ್ ಹತ್ತಿರ ಸಾಗುತ್ತದೆ ಎಂಬುದೇ ವಿದ್ಯುತ್ ಚಾಲನೆಯ ಹೆಚ್ಚುಗಾರಿಕೆ, ಏಕೆಂದರೆ ಮೋಟಾರು ತನಗೆ ಸಿಕ್ಕ ಶಕ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟನ್ನು ಚಲನೆಗೆ ಒದಗಿಸಿದರೆ, ಪೆಟ್ರೋಲ್ ಎಂಜಿನ್ನು ಮುಕ್ಕಾಲು ಪಾಲನ್ನು ಬಿಸಿಯಾಗಿ ಹೊರಚೆಲ್ಲುತ್ತದೆ. ಟ್ರೇಲರ್ ಕಟ್ಟಿದಾಗ ಪೆಟ್ರೋಲ್ ಟ್ರಕ್ಕಿನ ಮೈಲೇಜೂ ಅರ್ಧಕ್ಕೆ ಇಳಿಯುತ್ತದೆ. ಆದರೆ ಲೀಟರಿಗೆ ನಾಲ್ಕು ಕಿಲೋಮೀಟರ್ ಸಾಗಿದರೂ 136 ಲೀಟರಿನ ಟ್ಯಾಂಕು ಐನೂರು ಕಿಲೋಮೀಟರ್ ದಾಟಿಸುವುದರಿಂದ ಆ ನಷ್ಟ ಮಾಲೀಕನ ಜೇಬಿಗೆ ತಟ್ಟುತ್ತದೆಯೇ ಹೊರತು ಪ್ರಯಾಣದ ಯೋಜನೆಗೆ ತಟ್ಟುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ: ಹಗುರ ಹೊರೆಯಲ್ಲಿ ತೀರ ಅದಕ್ಷವಾಗಿರುವ ಪೆಟ್ರೋಲ್ ಎಂಜಿನ್ನು ಹೊರೆ ಹೆಚ್ಚಿದಂತೆ ಸ್ವಲ್ಪ ದಕ್ಷವಾಗುತ್ತದೆ, ಹಾಗಾಗಿ ಅದರ ಶೇಕಡಾವಾರು ಇಳಿಕೆ ಸೌಮ್ಯವಾಗಿ ಕಾಣುತ್ತದೆ, ಮೊದಲೇ ದಕ್ಷವಾಗಿರುವ ಮೋಟಾರಿಗೆ ಸುಧಾರಿಸಲು ಉಳಿದಿರುವುದು ಕಡಿಮೆಯಾದ್ದರಿಂದ ಹೆಚ್ಚುವರಿ ತಡೆಯ ಪ್ರತಿಯೊಂದು ಪಾಲೂ ನೇರವಾಗಿ ಬ್ಯಾಟರಿಯ ಲೆಕ್ಕಕ್ಕೆ ಬೀಳುತ್ತದೆ.

ಏರುದಾರಿ ಈ ಲೆಕ್ಕವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದಿಂದ ಟಾಹೋ ಸರೋವರದ ಕಡೆಗೆ ಹೋಗುವ 80ನೇ ಅಂತರರಾಜ್ಯ ಹೆದ್ದಾರಿ, ಸಮುದ್ರಮಟ್ಟದ ಆಸುಪಾಸಿನಿಂದ ಹೊರಟು ಸುಮಾರು 145 ಕಿಲೋಮೀಟರಿನೊಳಗೆ ಡಾನರ್ ಕಣಿವೆದಾರಿಯ ನೆತ್ತಿಯಲ್ಲಿ 2,200 ಮೀಟರ್ ಎತ್ತರವನ್ನು ಮುಟ್ಟುತ್ತದೆ. ಪ್ರಯಾಣಿಕರೂ ಸೇರಿ 3,200 ಕಿಲೋಗ್ರಾಂ ತೂಗುವ ಪಿಕಪ್ ಮತ್ತು 2,400 ಕಿಲೋಗ್ರಾಮಿನ ಟ್ರೇಲರನ್ನು ಅಷ್ಟು ಎತ್ತರಕ್ಕೆ ಏರಿಸಲು, ಗಾಳಿ ಮತ್ತು ರಸ್ತೆಯ ತಡೆಯನ್ನು ಬದಿಗಿಟ್ಟರೂ, ಸುಮಾರು 33 ಯೂನಿಟ್ ಬೇಕು. ಮೋಟಾರಿನ ನಷ್ಟ ಸೇರಿದರೆ 37. ಮೇಲೆ ಹೇಳಿದ ಪರೀಕ್ಷೆಯ ನಡುವಣ ಟ್ರೇಲರಿನ ದರದಲ್ಲಿ, ಅಂದರೆ ಕಿಲೋಮೀಟರಿಗೆ ಸುಮಾರು 0.8 ಯೂನಿಟ್‌ನಂತೆ, ದೂರಕ್ಕೇ 116 ಯೂನಿಟ್ ಖರ್ಚಾಗುವುದರಿಂದ ಒಟ್ಟು 150 ದಾಟುತ್ತದೆ, ಬ್ಯಾಟರಿಯಲ್ಲಿರುವುದು 131. ನಿಧಾನವಾಗಿ ಹೋದರೆ ಈ ಕೊರತೆ ಕಿರಿದಾಗುತ್ತದೆ, ಆದರೂ ನಡುದಾರಿಯಲ್ಲಿ ಒಮ್ಮೆ ಚಾರ್ಜಿಗೆ ನಿಲ್ಲದೆ ಶಿಖರ ಮುಟ್ಟುವ ಧೈರ್ಯವನ್ನು ವಿವೇಕಿಯಾದ ಚಾಲಕ ಮಾಡಲಾರ. ಹಿಂತಿರುಗುವಾಗ ಇದೇ ರಸ್ತೆ ಉದಾರಿಯಾಗುತ್ತದೆ. ಇಳಿಜಾರಿನಲ್ಲಿ ಮೋಟಾರು ಜನರೇಟರಿನಂತೆ ತಿರುಗಿ ಚಲನೆಯ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಪುನರುತ್ಪಾದಕ ಬ್ರೇಕಿಂಗ್ ಎನ್ನಲಾಗುವ ಈ ವ್ಯವಸ್ಥೆಯಿಂದ ಭಾರದ ಟ್ರೇಲರನ್ನು ಇಳಿಸುವಾಗ ಬ್ರೇಕುಗಳು ಕಾದು ಸೋಲುವ ಭಯವೂ ತಗ್ಗುತ್ತದೆ. ಆದರೆ ಬೆಟ್ಟದ ಮೇಲಿನ ತಾಣದಲ್ಲಿ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿಕೊಂಡು ಇಳಿಯಲು ತೊಡಗಿದರೆ ಮರಳಿ ಬರುವ ಶಕ್ತಿಗೆ ಜಾಗವಿರುವುದಿಲ್ಲ ಎಂಬುದನ್ನು ಅಂಥ ಪ್ರಯಾಣ ಮಾಡುವವರು ಮನಸ್ಸಿನಲ್ಲಿಡಬೇಕು.

ದೂರ ಕಡಿಮೆಯಾದದ್ದೇ ಸಮಸ್ಯೆಯ ಪೂರ್ಣ ರೂಪವಲ್ಲ, ಏಕೆಂದರೆ ಆಗಾಗ ನಿಲ್ಲುವುದು ಸುಲಭವಾಗಿದ್ದರೆ ಕಡಿಮೆ ದೂರವನ್ನೂ ಸಹಿಸಬಹುದಿತ್ತು. ಲೈಟ್ನಿಂಗ್‌ನ ಬ್ಯಾಟರಿ ವೇಗದ ಚಾರ್ಜರಿನಲ್ಲಿ ಶೇ. 15ರಿಂದ 80ಕ್ಕೆ ಏರಲು ನಲವತ್ತು ನಿಮಿಷಕ್ಕೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಮತ್ತು ದೊಡ್ಡ ಟ್ರೇಲರ್ ಎಳೆಯುವಾಗ ಆ ಶೇ. 65ರಷ್ಟು ಶಕ್ತಿ ನೂರು ಕಿಲೋಮೀಟರಿಗಷ್ಟೇ ಸಾಲುತ್ತದೆ. ಇದಕ್ಕಿಂತ ದಣಿಸುವ ಸಂಗತಿ ಚಾರ್ಜಿಂಗ್ ತಾಣದ ವಿನ್ಯಾಸದಲ್ಲಿದೆ. ಪೆಟ್ರೋಲ್ ಬಂಕಿನಲ್ಲಿ ವಾಹನ ಒಂದು ಕಡೆಯಿಂದ ಒಳಹೊಕ್ಕು ಇನ್ನೊಂದು ಕಡೆಯಿಂದ ಹೊರಹೋಗುತ್ತದೆ. ವಿದ್ಯುತ್ ಚಾರ್ಜರುಗಳನ್ನು ಬಹುತೇಕ ಎಲ್ಲೆಡೆ ಅಂಗಡಿಗಳ ವಾಹನ ನಿಲುಗಡೆಯ ಅಂಚಿನಲ್ಲಿ, ಒಂದು ಕಾರು ನಿಲ್ಲುವಷ್ಟೇ ಉದ್ದದ ಗೂಡುಗಳ ತುದಿಯಲ್ಲಿ ನೆಟ್ಟಿದ್ದಾರೆ. ಹನ್ನೆರಡು ಮೀಟರಿಗೂ ಉದ್ದವಾದ ಪಿಕಪ್-ಟ್ರೇಲರ್ ಜೋಡಿ ಅಲ್ಲಿ ನಿಂತರೆ ಹಿಂದಿನ ದಾರಿಯೆಲ್ಲ ಮುಚ್ಚಿಹೋಗುತ್ತದೆ. ಆದ್ದರಿಂದ ಚಾಲಕ ಮೊದಲು ಟ್ರೇಲರಿಗೆ ಜಾಗ ಹುಡುಕಿ, ಅದರ ಗಾಲಿಗಳಿಗೆ ಅಡ್ಡ ಕೊಟ್ಟು, ದೀಪ ಮತ್ತು ಬ್ರೇಕಿನ ತಂತಿಯ ಪ್ಲಗ್ಗನ್ನು ಕಿತ್ತು, ಸುರಕ್ಷತಾ ಸರಪಳಿಗಳನ್ನು ಬಿಚ್ಚಿ, ಮುಂಬದಿಯ ಜಾಕನ್ನು ತಿರುಗಿಸಿ ಕೊಂಡಿಯನ್ನು ಪಿಕಪ್‌ನ ಹಿಂಬದಿಯ ಗುಂಡಿನಿಂದ ಮೇಲೆತ್ತಿ, ಪಿಕಪ್ಪನ್ನು ಮಾತ್ರ ಚಾರ್ಜರಿಗೆ ಒಯ್ಯಬೇಕು. ಮುಗಿದ ಮೇಲೆ ಹಿಮ್ಮುಖವಾಗಿ ಬಂದು ಕೊಂಡಿಯ ಕೆಳಗೆ ಗುಂಡನ್ನು ಅಂಗುಲದ ಲೆಕ್ಕದಲ್ಲಿ ಹೊಂದಿಸಿ, ಇಷ್ಟನ್ನೂ ತಿರುವುಮುರುವಾಗಿ ಮಾಡಬೇಕು. ಮಳೆಯಲ್ಲಿ, ಕತ್ತಲಲ್ಲಿ, ಹಿಂದಿನ ಸೀಟಿನಲ್ಲಿ ಮಕ್ಕಳು ಹಸಿದು ಕೂತಿರುವಾಗ, ದಿನಕ್ಕೆ ಮೂರು ನಾಲ್ಕು ಸಲ ಇದನ್ನು ಮಾಡುವುದು ವ್ಯಾವಹಾರಿಕ ಎಂದು ಯಾರೂ ಪ್ರಾಮಾಣಿಕವಾಗಿ ಹೇಳಲಾರರು.

ಹೊರುವ ಭಾರದ ಮಿತಿಯನ್ನೂ ಒಂದು ಮಾತಿನಲ್ಲಿ ನೆನೆಯಬೇಕು. ಟ್ರೇಲರಿನ ತೂಕದಲ್ಲಿ ಶೇ. 10ರಿಂದ 15ರಷ್ಟು ಪಿಕಪ್‌ನ ಕೊಂಡಿಯ ಮೇಲೆ ಕೂರುತ್ತದೆ, ಮತ್ತು ಅದು ವಾಹನ ಹೊರಬಹುದಾದ ಒಟ್ಟು ಭಾರದ ಲೆಕ್ಕಕ್ಕೆ ಸೇರುತ್ತದೆ. ಬ್ಯಾಟರಿಯೇ ಭಾರವಾಗಿರುವ ಈ ವಾಹನಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಆ ಮಿತಿ 680 ಕಿಲೋಗ್ರಾಂ ಆಸುಪಾಸಿನಲ್ಲಿರುವಾಗ, ಮೂರು ಟನ್ನಿನ ಟ್ರೇಲರ್ ಕಟ್ಟಿದ ಕುಟುಂಬಕ್ಕೆ ತಮ್ಮ ದೇಹ ಮತ್ತು ಗಂಟುಮೂಟೆಗಳಿಗೆ ಉಳಿಯುವುದು ಹೆಚ್ಚಲ್ಲ.

ಟ್ರೇಲರನ್ನು ಬಿಟ್ಟು, ತೊಟ್ಟಿಯಲ್ಲಿ ಗುಡಾರವನ್ನು ಹೇರಿಕೊಂಡು ಹೊರಟ ಕ್ಷಣದಿಂದ ಚಿತ್ರ ಪೂರ್ಣವಾಗಿ ಬದಲಾಗುತ್ತದೆ. ಬಿಡಾರ ಹೂಡುವವರಿಗೆ ಬೇಕಾದ ವಿದ್ಯುತ್ತು, ಚಲನೆಗೆ ಬೇಕಾದ ವಿದ್ಯುತ್ತಿನ ಎದುರು ಅತ್ಯಲ್ಪ. ಸಣ್ಣ ಫ್ರಿಜ್ಜು ದಿನಕ್ಕೆ ಒಂದು ಯೂನಿಟ್, ಇಂಡಕ್ಷನ್ ಒಲೆಯಲ್ಲಿ ಎರಡು ಹೊತ್ತಿನ ಅಡುಗೆಗೆ ಒಂದೂವರೆಯಿಂದ ಎರಡು, ದೀಪ ಮತ್ತು ಫೋನುಗಳಿಗೆ ಲೆಕ್ಕಕ್ಕೆ ಬಾರದಷ್ಟು; ಒಟ್ಟು ನಾಲ್ಕು ಯೂನಿಟ್ ಎಂದುಕೊಂಡರೂ ಅದು ಲೈಟ್ನಿಂಗ್‌ಗೆ ಹದಿನೈದು ಕಿಲೋಮೀಟರ್ ಓಟದ ಖರ್ಚು. ರಾತ್ರಿಯಿಡೀ ವಾಹನದೊಳಗೆ ಮಲಗಿ ಹವಾನಿಯಂತ್ರಣ ಬಳಸಿದರೆ ಇನ್ನೂ ಎಂಟು ಹತ್ತು ಯೂನಿಟ್ ಹೋಗಬಹುದು. ಲೈಟ್ನಿಂಗ್‌ನ ಸಾಕೆಟ್ಟುಗಳು ಒಟ್ಟಿಗೆ 9.6 ಕಿಲೋವ್ಯಾಟ್ ವರೆಗೆ ಕೊಡಬಲ್ಲವು, ಅಂದರೆ ಒಂದು ಇಡೀ ಮನೆಯ ಬಳಕೆಗೆ ಸಾಲುವಷ್ಟು. ಆರ್1ಟಿಯಲ್ಲಿರುವ ಬಿಡಾರದ ವ್ಯವಸ್ಥೆಯು ಗಾಳಿಯ ಸಸ್ಪೆನ್ಷನ್ನನ್ನು ಏರಿಸಿ ಇಳಿಸಿ, ಇಳುಕಲು ನೆಲದಲ್ಲೂ ವಾಹನವನ್ನು ಸಮತಟ್ಟಾಗಿ ನಿಲ್ಲಿಸುತ್ತದೆ, ಇದರ ಬೆಲೆ ತೊಟ್ಟಿಯ ಮೇಲೆ ಗುಡಾರ ಕಟ್ಟಿ ಓರೆಯಾಗಿ ಮಲಗಿದವರಿಗೆ ತಿಳಿಯುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಸದ್ದಿಲ್ಲದಿರುವುದು: ರಾಷ್ಟ್ರೀಯ ಉದ್ಯಾನಗಳ ಶಿಬಿರತಾಣಗಳಲ್ಲಿ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಮೌನದ ನಿಯಮವಿದ್ದು, ಪೆಟ್ರೋಲ್ ಜನರೇಟರ್ ಹಚ್ಚುವಂತಿಲ್ಲ, ಬ್ಯಾಟರಿ ಪಿಕಪ್‌ಗೆ ಈ ನಿಯಮ ಅನ್ವಯಿಸುವ ಪ್ರಮೇಯವೇ ಬರುವುದಿಲ್ಲ. ಹೊಗೆಯೂ ಗದ್ದಲವೂ ಇಲ್ಲದೆ ಕಾಡಿನಂಚಿನಲ್ಲಿ ಬಿಸಿ ಅಡುಗೆ ಮಾಡಿಕೊಳ್ಳುವ ಈ ಸೌಕರ್ಯವನ್ನು ಪೆಟ್ರೋಲ್ ಟ್ರಕ್ಕು ಯಾವ ಬೆಲೆಗೂ ಕೊಡಲಾರದು.

ಸ್ಯಾನ್ ಹೋಸೆಯ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಸುಪರಿಚಿತವಾದ ಯೊಸೆಮಿಟಿ ಪ್ರವಾಸ ಇದಕ್ಕೆ ಒಳ್ಳೆಯ ನಿದರ್ಶನ. ಕಣಿವೆಯವರೆಗಿನ ಸುಮಾರು 300 ಕಿಲೋಮೀಟರನ್ನು ಟ್ರೇಲರಿಲ್ಲದ ವಿದ್ಯುತ್ ಪಿಕಪ್ ಒಂದೇ ಚಾರ್ಜಿನಲ್ಲಿ ಕ್ರಮಿಸಬಲ್ಲದು, ಪಶ್ಚಿಮ ದ್ವಾರದ ದಾರಿಯಲ್ಲಿರುವ ಗ್ರೋವ್‌ಲ್ಯಾಂಡಿನಲ್ಲಿ ರಿವಿಯನ್ ಸಂಸ್ಥೆ 2024ರಲ್ಲಿ ತೆರೆದ, ಎಲ್ಲ ವಿದ್ಯುತ್ ವಾಹನಗಳಿಗೂ ಮುಕ್ತವಾದ ಚಾರ್ಜಿಂಗ್ ತಾಣವೂ ಇದೆ. ಅದೇ ಪ್ರವಾಸಕ್ಕೆ ಎತ್ತರದ ವಸತಿ ಟ್ರೇಲರನ್ನು ಕಟ್ಟಿಕೊಂಡರೆ ಹೋಗುವಾಗಲೇ ಕನಿಷ್ಠ ಎರಡು ಸಲ ನಿಲ್ಲುವ ಯೋಜನೆ ಮಾಡಬೇಕಾಗುತ್ತದೆ.

ಖಾಸಗಿ ಶಿಬಿರತಾಣಗಳಲ್ಲಿ ವಸತಿ ವಾಹನಗಳಿಗೆಂದೇ ಇರುವ ವಿದ್ಯುತ್ ಕಂಬಗಳು ಈ ಸಮಸ್ಯೆಗೆ ಅರ್ಧ ಉತ್ತರ ಕೊಡುತ್ತವೆ. ಅಲ್ಲಿನ 50 ಆಂಪಿಯರ್ ಸಾಕೆಟ್ಟಿನಿಂದ ನಿರಂತರವಾಗಿ 9.6 ಕಿಲೋವ್ಯಾಟ್ ಪಡೆಯಬಹುದಾದ್ದರಿಂದ ಹತ್ತು ಹನ್ನೆರಡು ಗಂಟೆಗಳ ರಾತ್ರಿಯಲ್ಲಿ ದೊಡ್ಡ ಬ್ಯಾಟರಿಯ ಬಹುಭಾಗ ತುಂಬುತ್ತದೆ. 30 ಆಂಪಿಯರಿನ ಸಾಕೆಟ್ಟು ಮಾತ್ರ ಇದ್ದರೆ ಗಂಟೆಗೆ ಮೂರು ಯೂನಿಟ್ಟಿಗಿಂತ ಕಡಿಮೆ ಸಿಗುವುದರಿಂದ ಎರಡು ರಾತ್ರಿ ತಂಗಬೇಕು. ಹವಾನಿಯಂತ್ರಣ, ದೀಪಗಳ ಬಳಕೆಯನ್ನು ಅಂದಾಜಿಸಿ ಹಾಕಿದ ತಂತಿಗಳ ಮೇಲೆ ಹತ್ತಾರು ವಾಹನಗಳು ರಾತ್ರಿಯಿಡೀ ಪೂರ್ಣ ಹೊರೆ ಹೇರಿದರೆ ಏನಾದೀತೆಂಬ ಆತಂಕದಿಂದ ಕೆಲವು ಮಾಲೀಕರು ಇದನ್ನು ನಿಷೇಧಿಸಿದ್ದಾರೆ, ಕೆಲವರು ಹೆಚ್ಚುವರಿ ಶುಲ್ಕ ಪಡೆಯುತ್ತಾರೆ. ಎರಡೂ ನ್ಯಾಯವಾದ ನಿಲುವುಗಳೇ. ಕೊಲರಾಡೊ ಮತ್ತು ಟೆನೆಸಿಯ ರಾಜ್ಯ ಉದ್ಯಾನಗಳಲ್ಲಿ ರಿವಿಯನ್ ಹಾಕುತ್ತ ಬಂದಿರುವ ನಿಧಾನಗತಿಯ ಚಾರ್ಜರುಗಳು ಹೆಚ್ಚು ಸೂಕ್ತವಾದ ದಾರಿಯನ್ನು ತೋರಿಸುತ್ತವೆ, ಏಕೆಂದರೆ ಎರಡು ದಿನ ನಿಂತೇ ಇರುವ ವಾಹನಕ್ಕೆ ವೇಗದ ಚಾರ್ಜಿಂಗ್ ಬೇಕಿಲ್ಲ. ಚಳಿಗಾಲದ ಮಾತು ಬೇರೆ: ಎಎಎ 2019ರಲ್ಲಿ ವಿದ್ಯುತ್ ಕಾರುಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಮೈನಸ್ 7 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೀಟರ್ ಹಾಕಿದಾಗ ಸಾಗುವ ದೂರ ಸರಾಸರಿ ಶೇ. 41ರಷ್ಟು ತಗ್ಗಿತ್ತು, ಹಿಮದಲ್ಲಿ ಟ್ರೇಲರ್ ಎಳೆಯುವ ಯೋಚನೆಯುಳ್ಳವರು ಸದ್ಯಕ್ಕೆ ಬೇರೆ ವಾಹನ ನೋಡಿಕೊಳ್ಳುವುದೇ ಮೇಲು.

ಪರಿಹಾರವಾಗಿ ತಯಾರಕರಿಗೆ ಮೊದಲು ತೋಚಿದ್ದು ದೊಡ್ಡ ಬ್ಯಾಟರಿ. ಸಿಲ್ವರಾಡೊ ಇವಿಯ ದೊಡ್ಡ ಮಾದರಿ ಸುಮಾರು 205 ಯೂನಿಟ್ ಹೊತ್ತು, ಟ್ರೇಲರಿಲ್ಲದೆ 700 ಕಿಲೋಮೀಟರ್ ದಾಟುತ್ತದೆ, ಕಿಲೋಮೀಟರಿಗೆ 0.8 ಯೂನಿಟ್ ಎಂದು ಹಿಡಿದರೂ ಟ್ರೇಲರಿನೊಡನೆ 250 ಕಿಲೋಮೀಟರ್ ಕೈಗೆಟುಕುತ್ತದೆ, ಇದು ನಿಜವಾಗಿಯೂ ಉಪಯುಕ್ತವಾದ ದೂರ. ಆದರೆ ವಾಹನದ ತೂಕ ನಾಲ್ಕು ಟನ್ನಿನ ಹತ್ತಿರ ಹೋಗಿದೆ, ಬೆಲೆಯೂ ಹಾಗೆಯೇ ಏರಿದೆ, ಮತ್ತು ವರ್ಷಕ್ಕೆ ಕೆಲವೇ ವಾರಾಂತ್ಯಗಳ ಎಳೆತಕ್ಕಾಗಿ ಉಳಿದ ದಿನಗಳಲ್ಲೆಲ್ಲ ಒಂದು ಟನ್ನಿಗೂ ಹೆಚ್ಚಿನ ಬ್ಯಾಟರಿಯನ್ನು ಹೊತ್ತು ತಿರುಗುವುದು ಸಂಪನ್ಮೂಲದ ದುರ್ಬಳಕೆ. ಇದಕ್ಕಿಂತ ವಿವೇಕದ ಪ್ರಯತ್ನ ಟ್ರೇಲರಿನ ಕಡೆಯಿಂದ ಬಂದಿದೆ. ಕೊಲರಾಡೊದ ಲೈಟ್‌ಶಿಪ್ ಸಂಸ್ಥೆ 2023ರಲ್ಲಿ ಪ್ರದರ್ಶಿಸಿದ ಟ್ರೇಲರಿನಲ್ಲಿ ಸ್ವಂತ ಬ್ಯಾಟರಿಯೂ ಗಾಲಿಗಳಿಗೆ ಮೋಟಾರೂ ಇದ್ದು, ಅದು ತನ್ನನ್ನು ತಾನೇ ತಳ್ಳಿಕೊಳ್ಳುತ್ತದೆ. ಚಲಿಸುವಾಗ ಅದರ ಮೇಲರ್ಧ ಕೆಳಗಿಳಿದು ಪಿಕಪ್‌ನ ಎತ್ತರಕ್ಕೆ ಸಮನಾಗುವುದರಿಂದ ಗಾಳಿಗೆ ಎದುರಾಗುವ ಮುಖವೇ ಕಿರಿದಾಗುತ್ತದೆ. ಕ್ಯಾಲಿಫೋರ್ನಿಯಾದ ಪೆಬಲ್ ಸಂಸ್ಥೆಯದೂ ಸ್ವಂತ ಮೋಟಾರಿರುವ ಟ್ರೇಲರೇ. ಇವು ಸದ್ಯಕ್ಕೆ ದುಬಾರಿ, ಸಾಮಾನ್ಯ ಕುಟುಂಬದ ಕೈಗೆ ಎಟುಕುವಂಥವಲ್ಲ. ಆದರೂ ತೊಂದರೆಯ ಮೂಲ ಎಲ್ಲಿದೆಯೋ ಅಲ್ಲಿಗೇ ಕೈಹಾಕಿದವರು ಇವರು ಎಂಬ ಕಾರಣಕ್ಕೆ ಗಮನಕ್ಕೆ ಅರ್ಹ.

ದೊಡ್ಡ ತಯಾರಕರು ಬೇರೆ ದಾರಿ ಹಿಡಿದಿದ್ದಾರೆ. ಪೂರ್ಣ ವಿದ್ಯುತ್ ರ‍್ಯಾಮ್ 1500 ಪಿಕಪ್‌ನ ಯೋಜನೆಯನ್ನು ಸ್ಟೆಲಾಂಟಿಸ್ ಸಂಸ್ಥೆ 2025ರ ಸೆಪ್ಟೆಂಬರಿನಲ್ಲಿ ಕೈಬಿಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಫೋರ್ಡ್ ಆಗಿನ ಲೈಟ್ನಿಂಗ್‌ನ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಎರಡೂ ಸಂಸ್ಥೆಗಳು ಮುಂದೆ ತರಲಿರುವುದು ಬ್ಯಾಟರಿಯ ಜೊತೆಗೆ ಪೆಟ್ರೋಲ್ ಜನರೇಟರನ್ನೂ ಹೊತ್ತ ಪಿಕಪ್. ಗಾಲಿಗಳನ್ನು ತಿರುಗಿಸುವುದು ಮೋಟಾರೇ ಆದರೂ, ಬ್ಯಾಟರಿ ತಗ್ಗಿದಾಗ ಎಂಜಿನ್ನು ಓಡಿ ವಿದ್ಯುತ್ ಉತ್ಪಾದಿಸುತ್ತದೆ. ದೂರದ ಎಳೆತಕ್ಕೆ ಇದು ಸರಳ ಪರಿಹಾರವೆಂಬುದರಲ್ಲಿ ಸಂದೇಹವಿಲ್ಲ, ಬಿಡಾರದಲ್ಲಿ ನಿಂತಾಗ ಬ್ಯಾಟರಿಯ ಮೌನವೂ ಉಳಿಯುತ್ತದೆ. ಆದರೆ ಎಂಜಿನ್ನು, ಟ್ಯಾಂಕು, ಹೊಗೆಕೊಳವೆಗಳ ನಿರ್ವಹಣೆಯೆಲ್ಲ ಮರಳಿ ಬರುತ್ತದೆ, ಮತ್ತು ಟ್ರೇಲರನ್ನು ಎಂದೂ ಎಳೆಯದ ದೊಡ್ಡ ಸಂಖ್ಯೆಯ ಪಿಕಪ್ ಮಾಲೀಕರೂ ಆ ಹೊರೆಯನ್ನು ಹೊರಬೇಕಾಗುತ್ತದೆ.

ರಸ್ತೆಬದಿಯ ವ್ಯವಸ್ಥೆಯನ್ನು ಸರಿಪಡಿಸುವ ಅವಕಾಶ ಇನ್ನೂ ತಪ್ಪಿಹೋಗಿಲ್ಲ. 2021ರ ಮೂಲಸೌಕರ್ಯ ಕಾನೂನು ಹೆದ್ದಾರಿಗಳ ಉದ್ದಕ್ಕೂ ಪ್ರತಿ 80 ಕಿಲೋಮೀಟರಿಗೊಂದರಂತೆ ಚಾರ್ಜಿಂಗ್ ತಾಣಗಳನ್ನು ಕಟ್ಟಲು 5 ಬಿಲಿಯನ್ ಡಾಲರ್ ಗೊತ್ತುಮಾಡಿತು. ಪ್ರತಿ ತಾಣದಲ್ಲೂ ಏಕಕಾಲಕ್ಕೆ 150 ಕಿಲೋವ್ಯಾಟ್ ಕೊಡುವ ನಾಲ್ಕು ಚಾರ್ಜರುಗಳಿರಬೇಕೆಂಬ ಷರತ್ತು ಅದರ ನಿಯಮಗಳಲ್ಲಿತ್ತೇ ಹೊರತು, ಟ್ರೇಲರ್ ಬಿಚ್ಚದೆ ನೇರವಾಗಿ ಹಾದುಹೋಗುವ ಒಂದಾದರೂ ಅಂಕಣವಿರಬೇಕೆಂಬ ಕಡ್ಡಾಯವಿರಲಿಲ್ಲ. ಜನರಲ್ ಮೋಟಾರ್ಸ್, ಪೈಲಟ್ ಮತ್ತು ಇವಿಗೋ ಸಂಸ್ಥೆಗಳು ಕೂಡಿ ಹೆದ್ದಾರಿಬದಿಯ ವಿಶ್ರಾಂತಿ ನಿಲ್ದಾಣಗಳಲ್ಲಿ ಕಟ್ಟುತ್ತಿರುವ ತಾಣಗಳಲ್ಲಿ ಅನೇಕ ಕಡೆ ಮೇಲ್ಚಾವಣಿಯೂ ಅಂಥ ಹಾದುಹೋಗುವ ಅಂಕಣಗಳೂ ಇವೆ, ಪೆಟ್ರೋಲ್ ಬಂಕಿನ ಹಳೆಯ ವಿನ್ಯಾಸವೇ ಅಲ್ಲಿ ಮರಳಿದೆ. ಕೇಬಲ್ಲಿಗಾಗಿ ನೆಲ ಅಗೆದು, ಕಾಂಕ್ರೀಟು ಸುರಿಯುವ ಮೊದಲೇ ಚಾರ್ಜರಿನ ಕಂಬಗಳನ್ನು ಗೂಡಿನ ತುದಿಯಿಂದ ಬದಿಗೆ ಸರಿಸಿದರೆ ತಗಲುವುದು ಒಂದಿಷ್ಟು ಹೆಚ್ಚು ಜಾಗ ಮಾತ್ರ. ಕಟ್ಟಿ ಮುಗಿದ ಮೇಲೆ ಅದನ್ನೇ ಮಾಡಲು ಹೊರಟರೆ ಇಡೀ ತಾಣವನ್ನು ಮತ್ತೆ ಅಗೆಯಬೇಕಾಗುತ್ತದೆ.